ಬಳ್ಳಾರಿ ಜಾಲಿಯ ಊರಲ್ಲಿ ಹಬ್ ಗೇರ್ ಸೈಕಲ್: ನಾಲ್ಕು ವರ್ಷ ಓಡಿಸಿದ ಮೇಲೆ

ಹಿಂದಿನ ಗಾಲಿಗೆ ಮೂರು ಗೇರಿನ ಹಬ್ (ಗಾಲಿಯ ನಡುವೆ ಕಡ್ಡಿಗಳೆಲ್ಲ ಬಂದು ಸೇರುವ ಭಾಗ) ಹಾಕಿಸಿ ಈ ಯುಗಾದಿಗೆ ನಾಲ್ಕು ವರ್ಷ ಆಯಿತು. ಕೋಸ್ಟರ್ ಬ್ರೇಕ್ ಇರುವ ಹಬ್. ಅಂದರೆ ಗೇರೂ ಒಳಗೇ, ಬ್ರೇಕೂ ಒಳಗೇ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಗಾಲಿ ನಿಲ್ಲುತ್ತದೆ. ಗಾಂಧಿನಗರದಿಂದ ಕೌಲ್ ಬಜಾರಿಗೆ ದಿನಾ ಇದರಲ್ಲೇ ಹೋಗಿ ಬರುತ್ತೇನೆ, ಅಲ್ಲೊಂದು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು.

ಮೊದಲು ಇದ್ದದ್ದು ಏಳು ಗೇರಿನ ಸೈಕಲ್, ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಹೊರಗಡೆ ಇರುವಂಥದ್ದು. ನಮ್ಮೂರಿನ ಕೆಂಪು ಧೂಳು ಗೊತ್ತಲ್ವಾ? ಎಣ್ಣೆ ಹಾಕಿದ ಚೈನ್ ಮೇಲೆ ಅದು ಕೂತರೆ ಎರಡೇ ದಿನದಲ್ಲಿ ಲೇಹ್ಯದ ಥರ ಆಗುತ್ತದೆ. ಪ್ರತಿ ಭಾನುವಾರ ಸೀಮೆಎಣ್ಣೆ, ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಕೂರುವುದೇ ಆಗಿತ್ತು. ಹಬ್ ಗೇರ್‌ನಲ್ಲಿ ಚೈನ್ ಅತ್ತಿತ್ತ ಸರಿಯುವುದೇ ಇಲ್ಲ, ನೆಟ್ಟಗೆ ಒಂದೇ ಗೆರೆಯಲ್ಲಿ ಓಡುತ್ತದೆ. ಹಾಗಾಗಿ ತಾತನ ಸೈಕಲ್‌ಗೆ ಇದ್ದಂಥ ಪೂರ್ತಿ ಮುಚ್ಚಿದ ಚೈನ್ ಕವರ್ ಹಾಕಿಸಬಹುದು. ಹಾಕಿಸಿದೆ. ಅವತ್ತಿನಿಂದ ಪ್ಯಾಂಟಿನ ಕಾಲು ಮಡಿಚಿಲ್ಲ, ಭಾನುವಾರ ಬೆಳಗ್ಗೆ ಬ್ರಷ್ ಹಿಡಿದಿಲ್ಲ.

ತಾತನ ಸೈಕಲ್‌ಗೇ ಹಾಕಿಸಬೇಕು ಅಂತ ಆಸೆ ಇತ್ತು. ಆಗಲಿಲ್ಲ. ಆ ಹಳೇ ಕರಿ ಸೈಕಲ್‌ಗಳಲ್ಲಿ ಮುಂದೆ 32 ಕಡ್ಡಿ, ಹಿಂದೆ 40 ಕಡ್ಡಿ. ನನ್ನ ಹಬ್‌ಗೆ 36 ತೂತು. ರಿಮ್ ಹೊಂದುವುದೇ ಇಲ್ಲ. ಕೊನೆಗೆ 36 ಕಡ್ಡಿಯ ರಿಮ್ ಇದ್ದ ಒಂದು ಸಾದಾ ಸೈಕಲ್ ಹಿಡಿದು, ಹೊಸ ಅಳತೆಯ ಕಡ್ಡಿ ತರಿಸಿ ಗಾಲಿ ಕಟ್ಟಿಸಿದೆ. ಹಬ್, ಕಡ್ಡಿ, ಮೇಸ್ತ್ರಿ ಕೂಲಿ ಎಲ್ಲ ಸೇರಿ ನನ್ನ ಅರ್ಧ ತಿಂಗಳ ಸಂಬಳ ಹೋಯಿತು. ನೀವೂ ಕೊಳ್ಳುವ ಮುಂಚೆ ಮೊದಲು ನಿಮ್ಮ ರಿಮ್‌ನ ತೂತು ಎಣಿಸಿ.

ಇನ್ನು ಓಡಿಸುವ ಸುಖ. ಅದನ್ನು ಹೇಳದೆ ಇರಲಾರೆ. ಬೆಳಗ್ಗೆ ರಾಯಲ್ ಸರ್ಕಲ್‌ನಲ್ಲಿ ಯಾರೋ ಅಡ್ಡ ಬಂದು ಮೂರನೇ ಗೇರ್‌ನಲ್ಲೇ ನಿಂತುಬಿಟ್ಟೆ ಅಂತಿಟ್ಟುಕೊಳ್ಳಿ. ಡಿರೇಲರ್ ಆಗಿದ್ದರೆ ಎದ್ದು ನಿಂತು ಕಷ್ಟಪಟ್ಟು ತುಳಿಯಬೇಕಿತ್ತು. ಇದರಲ್ಲಿ ನಿಂತ ಜಾಗದಲ್ಲೇ ಹ್ಯಾಂಡಲ್ ಮೇಲಿನ ಗುಂಡಿ ತಿರುಗಿಸಿದರೆ ಟಕ್ ಅಂತ ಒಂದನೇ ಗೇರ್. ಓಡುವಾಗ ಬದಲಿಸುವುದಾದರೆ ಕಾಲನ್ನು ಒಂದು ಕ್ಷಣ ಹಗುರ ಮಾಡಬೇಕು, ಅಷ್ಟೇ. ದಾರಿಯಲ್ಲಿ ವಗ್ಗರಣೆ, ಮಿರ್ಚಿ ಕಟ್ಟಿಸಿಕೊಳ್ಳುತ್ತೇನೆ. ಬಿಸಿ ಪೊಟ್ಟಣ ಎಡಗೈಯಲ್ಲಿ, ಬಲಗೈ ಮುಂದಿನ ಬ್ರೇಕ್ ಮೇಲೆ, ಹಿಂದಿನ ಬ್ರೇಕ್ ಕಾಲಲ್ಲಿ. ಮಳೆ ಬಂದು ಎರೆಮಣ್ಣು ರಿಮ್‌ಗೆ ಮೆತ್ತಿಕೊಂಡಾಗ ಬೇರೆಯವರ ಬ್ರೇಕ್ ಜಾರುತ್ತದೆ. ನನ್ನದಕ್ಕೆ ಏನೂ ಆಗುವುದಿಲ್ಲ, ಬ್ರೇಕ್ ಕಟ್ಟೆಗಳು ನೀರು, ಕೆಸರು ತಾಗದೆ ಹಬ್‌ನ ಹೊಟ್ಟೆಯೊಳಗೆ ಇರುತ್ತವೆ.

ಒಂದು ಅಭ್ಯಾಸ ಮಾತ್ರ ಬದಲಾಗಬೇಕು. ನಿಂತಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿ ಕಾಲಿಗೆ ಸರಿಯಾಗಿ ತಂದುಕೊಳ್ಳುತ್ತೀವಲ್ಲ, ಅದು ಇದರಲ್ಲಿ ಆಗದು. ಹಾಗಾಗಿ ನಿಲ್ಲುವಾಗಲೇ ಯಾವ ಕಾಲಿನಲ್ಲಿ ಹೊರಡಬೇಕೋ ಆ ಪೆಡಲ್ ಮೇಲಿರುವ ಹಾಗೆ ಬ್ರೇಕ್ ಒತ್ತಬೇಕು. ಎರಡು ವಾರಕ್ಕೆ ಕಾಲಿಗೇ ತಿಳಿದುಬಿಡುತ್ತದೆ.

ಇಷ್ಟು ಹೊಗಳಿದ ಮೇಲೆ ಮುಳ್ಳಿನ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಕಡೆಯಿಂದ ಬಂದ ಗಿಡ, ಅದಕ್ಕೆ ನಮ್ಮೂರಿನ ಹೆಸರೇ ಅಂಟಿಕೊಂಡಿದೆ, ಬಳ್ಳಾರಿ ಜಾಲಿ. ಸೌದೆಗೆ ಕಡಿದು ಗಾಡಿಯಲ್ಲಿ ಹೇರಿಕೊಂಡು ಹೋಗುವಾಗ ರಸ್ತೆ ಉದ್ದಕ್ಕೂ ಉದುರುತ್ತದೆ. ಎರಡನೇ ವರ್ಷದ ಬೇಸಿಗೆಯಲ್ಲಿ ಒಂದೇ ತಿಂಗಳಿಗೆ ಐದು ಪಂಚರ್, ಅದರಲ್ಲಿ ನಾಲ್ಕು ಹಿಂದಿನ ಗಾಲಿಗೆ.

ಈ ಹಿಂದಿನ ಗಾಲಿ ಬಿಚ್ಚುವುದಿದೆಯಲ್ಲ, ನಿಜವಾಗಲೂ ತಾಳ್ಮೆ ಪರೀಕ್ಷೆ. ಚೈನ್ ಕವರ್‌ನ ಹಿಂಭಾಗ ತೆಗೆಯಬೇಕು. ಗೇರ್ ಕೇಬಲ್ ಬಿಡಿಸಬೇಕು. ಹಬ್‌ನೊಳಗೆ ಹೋಗುವ ತೆಳು ಕಡ್ಡಿಯನ್ನು ಬಗ್ಗದ ಹಾಗೆ ಎಳೆದು ಜೋಪಾನ ಮಾಡಬೇಕು. ಬ್ರೇಕ್ ತೋಳನ್ನು ಫ್ರೇಮಿಗೆ ಹಿಡಿದಿರುವ ಪಟ್ಟಿಯ ಸ್ಕ್ರೂ ಬಿಚ್ಚಬೇಕು. ಆಮೇಲೆ 15 ನಂಬರ್ ಪಾನಾದಲ್ಲಿ ಎರಡು ನಟ್. ವಾಪಸ್ ಹಾಕುವಾಗ ಎರಡನೇ ಗೇರ್‌ನಲ್ಲಿಟ್ಟು ಗುರುತಿಗೆ ಗುರುತು ಕೂಡಿಸಬೇಕು, ಇಲ್ಲದಿದ್ದರೆ ಗೇರ್ ಜಾರುತ್ತದೆ. ಡಿರೇಲರ್ ಸೈಕಲ್‌ನಲ್ಲಿ ಒಂದು ನಿಮಿಷದ ಕೆಲಸ, ಇಲ್ಲಿ ನನಗೆ ಮೊದಲ ಸಲ ಮುಕ್ಕಾಲು ಗಂಟೆ ಬೇಕಾಯಿತು. ಸುಡು ಬಿಸಿಲು, ಕೈಯೆಲ್ಲ ಮಸಿ, ಆಫೀಸಿಗೆ ಹೊತ್ತಾಗಿದೆ. ಮಾರಿಬಿಡೋಣ ಅನ್ನಿಸಿತ್ತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದು ದಿನ ಆಯಿತು. ಒಂದು ಅಂಗಡಿಯಲ್ಲಿ ಗಾಲಿ ಬಿಚ್ಚಿ ಪಂಚರ್ ಹಾಕಿಕೊಟ್ಟರು, ಬ್ರೇಕ್ ತೋಳಿನ ಸ್ಕ್ರೂ ಹಾಕುವುದನ್ನೇ ಮರೆತರು. ನಾನೂ ನೋಡಲಿಲ್ಲ. ಇಳಿಜಾರಿನಲ್ಲಿ ಕಾಲು ಹಿಂದಕ್ಕೆ ಒತ್ತಿದೆ, ತೋಳು ತಿರುಗಿ ಕಡ್ಡಿಗಳಿಗೆ ಬಡಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಆ ತೋಳು ಫ್ರೇಮನ್ನು ಹಿಡಿದುಕೊಂಡಿದ್ದರೆ ಮಾತ್ರ ಒಳಗಿನ ಬ್ರೇಕ್‌ಗೆ ಆಸರೆ. ಚೈನ್ ಕಳಚಿದರೂ ಅಷ್ಟೇ, ಹಿಂದಿನ ಬ್ರೇಕ್ ಪೂರ್ತಿ ಹೋಯಿತು ಅಂತಲೇ ಲೆಕ್ಕ. ಅವತ್ತು ಉಳಿಸಿದ್ದು ಮುಂದಿನ ಬ್ರೇಕ್. ಅದಿಲ್ಲದೆ ಕೋಸ್ಟರ್ ಸೈಕಲ್ ಯಾರೂ ರಸ್ತೆಗೆ ಇಳಿಸಬೇಡಿ.

ಆಮೇಲೆ ಯೂನಿಟ್ ಹತ್ತಿರದ ಪಂಚರ್ ಚಾಚಾ ಸಿಕ್ಕರು. ನಾನು ಪಾನಾ ಕೊಡಲು ಹೋದರೆ, "ಗಾಲಿ ಯಾಕ್ ಬಿಚ್ಚಬೇಕು ತಮ್ಮಾ, ತೂತು ಟ್ಯೂಬಿಗಲ್ವಾ?" ಅಂದರು. ಸೈಕಲ್ ಮಲಗಿಸಿ, ಎಡಗಡೆಯಿಂದ ಟೈರ್ ಅಂಚು ಎಬ್ಬಿಸಿ, ಟ್ಯೂಬ್ ಹೊರಗೆಳೆದು ಗಾಳಿ ತುಂಬಿ ನೀರಿನ ಬುಟ್ಟಿಯಲ್ಲಿ ಸ್ವಲ್ಪಸ್ವಲ್ಪವೇ ಮುಳುಗಿಸುತ್ತಾ ಹೋದರು. ಗುಳ್ಳೆ ಬಂದ ಕಡೆ ಒರೆಸಿ, ಉಜ್ಜಿ, ಸೊಲ್ಯೂಷನ್ ಹಚ್ಚಿ ಊದಿದರು. ಅದು ಒಣಗುವವರೆಗೆ ಟೈರ್ ಒಳಗೆ ನೂಲು ಬಿಚ್ಚಿದ ಜೀನ್ಸ್ ತುಂಡೊಂದನ್ನು ನಿಧಾನಕ್ಕೆ ಎಳೆದರು. ಒಂದು ಕಡೆ ನೂಲು ಸಿಕ್ಕಿಕೊಂಡಿತು. ಅಲ್ಲಿತ್ತು ಮುರಿದ ಮುಳ್ಳಿನ ಮೊನೆ, ಸಾಸಿವೆ ಕಾಳಿಗಿಂತ ಚಿಕ್ಕದು. ಮೊದಲಿನ ಐದು ಪಂಚರ್‌ಗಳಲ್ಲಿ ಎಷ್ಟು ಇಂಥ ಉಳಿದ ಮೊನೆಯಿಂದಲೇ ಆದವೋ! ಹತ್ತು ನಿಮಿಷಕ್ಕೆ ಕೆಲಸ ಮುಗಿಯಿತು, ಒಂದು ನಟ್ ಕೂಡ ಅಲುಗಲಿಲ್ಲ. ಈಗ ಕಟಿಂಗ್‌ನಲ್ಲಿ ಉಳಿದ ತುಂಡುಗಳನ್ನು ಚೀಲ ತುಂಬಿ ಅವರಿಗೆ ಕೊಡುತ್ತೇನೆ.

ಇನ್ನೊಂದು ಎಚ್ಚರಿಕೆ. ಸಂಡೂರಿನ ಕುಮಾರಸ್ವಾಮಿ ಬೆಟ್ಟಕ್ಕೆ ಗೆಳೆಯರ ಜೊತೆ ಹೋಗಿದ್ದೆ. ಇಳಿಯುವಾಗ ಬರೀ ಕಾಲಿನ ಬ್ರೇಕ್ ನಂಬಿಕೊಂಡು ಬಂದೆ. ಕೆಳಗೆ ಬಂದು ಮುಟ್ಟಿದರೆ ಹಬ್ ಸುಡುತ್ತಿತ್ತು, ಗ್ರೀಸ್ ಸುಟ್ಟ ವಾಸನೆ. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಂಥ ಬ್ರೇಕಿನ ಹಳೇ ಸೈಕಲ್‌ಗಳಲ್ಲಿ ಬೆಟ್ಟ ಇಳಿಯುವ ಪಂದ್ಯ ಶುರುವಾಯಿತು. ಒಮ್ಮೆ ಇಳಿದರೆ ಗ್ರೀಸೆಲ್ಲ ಆವಿಯಾಗಿ ಹೊಸದಾಗಿ ತುಂಬಬೇಕಾಗುತ್ತಿತ್ತು, ಅದಕ್ಕೇ ಆ ಪಂದ್ಯಕ್ಕೆ ರಿಪ್ಯಾಕ್ ಅಂತ ಹೆಸರು. ಆಗಾಗ ಘಾಟಿ ಹತ್ತಿ ಇಳಿಯುವವರು ಹಬ್ ಗೇರ್ ತಗೊಳ್ಳಿ, ಕೋಸ್ಟರ್ ಬೇಡ. ಊರೊಳಗೆ ಓಡಾಡುವವರಿಗೆ ಕೋಸ್ಟರ್‌ನಷ್ಟು ನೆಮ್ಮದಿ ಬೇರೆ ಇಲ್ಲ.

ಮೂರು ಗೇರ್ ಸಾಕಾ ಅಂದರೆ, ನನಗೆ ಸಾಕು. ಆದರೆ ಆಷಾಢದ ಎದುರು ಗಾಳಿಗೆ ಒಂದನೇ ಗೇರೂ ಭಾರ ಅನ್ನಿಸುತ್ತಿತ್ತು. ಹಬ್ ಜೊತೆ ಬಂದ 18 ಹಲ್ಲಿನ ಚಕ್ರ ತೆಗೆದು 20 ಹಲ್ಲಿನದು ಹಾಕಿಸಿದೆ. ಅದನ್ನು ಹಿಡಿದಿರುವುದು ಒಂದು ಉಕ್ಕಿನ ಬಳೆ ಮಾತ್ರ, ಸ್ಕ್ರೂಡ್ರೈವರ್‌ನಲ್ಲಿ ಎಬ್ಬಿಸಿದರೆ ಬರುತ್ತದೆ, ಸಿಡಿಯದ ಹಾಗೆ ಮೇಲೊಂದು ಬಟ್ಟೆ ಹಿಡಿಯಿರಿ. ಮೂರೂ ಗೇರ್ ಒಂದೇ ಸಲಕ್ಕೆ ಹಗುರ ಆದವು.

ಈಗ ಹಿಂದಿನ ಟೈರ್ ಸವೆದಿದೆ. ಅದಕ್ಕೆ ಮಾತ್ರ ಗಾಲಿ ಬಿಚ್ಚಲೇಬೇಕು, ಚಾಚಾ ಹತ್ತಿರವೂ ಬೇರೆ ದಾರಿ ಇಲ್ಲ. ಈ ಭಾನುವಾರ ನಾನೇ ಕೂರುತ್ತೇನೆ. ಬ್ರೇಕ್ ತೋಳಿನ ಸ್ಕ್ರೂ ಮಾತ್ರ ನೆಲಕ್ಕೆ ಇಡುವುದಿಲ್ಲ, ಬಿಚ್ಚಿದ ತಕ್ಷಣ ಅಂಗಿ ಜೇಬಿಗೆ.