ಫಿನಾಯಿಲ್ ವಾಸನೆ ಬಂತು ಅಂತ ವಾರ್ಡ್ ಕ್ಲೀನ್ ಇದೆ ಅಂದುಕೊಳ್ಳಬೇಡಿ

ಮನೆಯವರನ್ನು ಆಪರೇಷನ್‌ಗೆ ಸೇರಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ಡಾಕ್ಟರ್ ಹೇಗೆ, ಖರ್ಚೆಷ್ಟು ಅಂತ ಎಲ್ಲರೂ ವಿಚಾರಿಸುತ್ತೇವೆ. ವಾರ್ಡ್ ಒರೆಸುವ ಮಾಪ್ ಎಲ್ಲಿಂದ ಬರುತ್ತೆ ಅಂತ ಯಾರೂ ನೋಡಲ್ಲ, ಅಲ್ವಾ?

ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಆದರೆ ವಾರ್ಡಿನಲ್ಲಿ ಬೆಳಿಗ್ಗೆ ಕ್ಲೀನಿಂಗ್‌ಗೆ ಬರುವ ಅಕ್ಕ ಮೊದಲು ಟಾಯ್ಲೆಟ್ ಒರೆಸಿ, ಅದೇ ಮಾಪು ಅದೇ ಬಕೆಟ್ಟು ಹಿಡಿದು ಸೀದಾ ಮಂಚಗಳ ಕೆಳಗೆ ಬರುತ್ತಿದ್ದರು. ನೀರು ಬೂದಿ ಬಣ್ಣ, ಮೇಲೆ ಕೂದಲು, ಹತ್ತಿಯ ಚೂರು ತೇಲುತ್ತಿತ್ತು. ಫಿನಾಯಿಲ್ ವಾಸನೆ ಮಾತ್ರ ಮೂಗಿಗೆ ಬಡಿಯುತ್ತಿತ್ತು. ಪಕ್ಕದ ಮಂಚದವರು ಡಿಸ್ಚಾರ್ಜ್ ಆದಾಗ ಬೆಡ್‌ಶೀಟ್ ಬದಲಾಯಿಸಿದರು, ಅಷ್ಟೇ. ಕಂಬಿಯ ಮೇಲೆ ಒಣಗಿದ್ದ ಕೀವಿನ ಕಲೆ ಹಾಗೇ ಇತ್ತು. ಸಂಜೆಗೆ ಅಲ್ಲಿ ಬೇರೆ ಪೇಷಂಟ್. ಸಿಸ್ಟರ್‌ಗೆ ತೋರಿಸಿದರೆ "ನಾಳೆ ಒರೆಸಿಸ್ತೀವಿ ಬಿಡಿ" ಅಂದರು.

ಮನೆಗೆ ಬಂದ ಮೇಲೆ ಅಮ್ಮನ ಹೊಲಿಗೆ ಕೆಂಪಾಗಿ ಕೀವು ಸೋರಿತು. ಕೀವಿನಲ್ಲಿ ಯಾವ ರೋಗಾಣು ಇದೆ ಅಂತ ನೋಡುವ ಕಲ್ಚರ್ ರಿಪೋರ್ಟಿನಲ್ಲಿ ಎಂಆರ್‌ಎಸ್‌ಎ ಬಂತು, ಅಂದರೆ ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾ. ಮತ್ತೆ ಗಾಯ ಬಿಚ್ಚಿ ತೊಳೆಯಬೇಕಾಯಿತು, ಆ ವಯಸ್ಸಿನಲ್ಲಿ ಆ ನೋವು. ಸೋಂಕು ಆ ವಾರ್ಡಿನಿಂದಲೇ ಬಂತು ಅಂತ ನಾನು ಸಾಬೀತು ಮಾಡಲಾರೆ. ಆದರೆ ಈ ಬ್ಯಾಕ್ಟೀರಿಯಾ ಒಣಗಿದ ಕಂಬಿ, ಡ್ರಿಪ್ ಸ್ಟ್ಯಾಂಡ್, ಲಾಕರ್ ಮೇಲೆ ತಿಂಗಳುಗಟ್ಟಲೆ ಬದುಕಿರಬಲ್ಲದು. ಅಲ್ಲಿಂದ ಮುಟ್ಟಿದವರ ಕೈಗೆ, ಕೈಯಿಂದ ಗಾಯಕ್ಕೆ.

ಆ ಅಕ್ಕನನ್ನು ಬೈಯಬೇಡಿ. ಕಾಂಟ್ರಾಕ್ಟ್ ಕೆಲಸ, ಕೈಗೆ ಗ್ಲೌಸ್ ಕೂಡ ಇರಲಿಲ್ಲ, ಇಡೀ ಫ್ಲೋರಿಗೆ ಒಂದೇ ಮಾಪ್ ಕೊಟ್ಟಿದ್ದು ಮ್ಯಾನೇಜ್‌ಮೆಂಟು.

ಟಾಯ್ಲೆಟ್ಟಿಗೆ ಬೇರೆ ಮಾಪ್, ವಾರ್ಡಿಗೆ ಬೇರೆ ಇರಬೇಕು. ಕಡಿಮೆ ಕೊಳೆ ಇರುವ ಕಡೆಯಿಂದ ಜಾಸ್ತಿ ಕೊಳೆ ಇರುವ ಕಡೆಗೆ ಒರೆಸುತ್ತಾ ಹೋಗಬೇಕು, ಉಲ್ಟಾ ಅಲ್ಲ. ಒಣ ಪೊರಕೆಯಿಂದ ಗುಡಿಸಿದರೆ ಧೂಳಿನ ಜೊತೆ ರೋಗಾಣುವೂ ಏಳುತ್ತದೆ. ರಕ್ತ ಚೆಲ್ಲಿದ ಕಡೆ 1% ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ, ಚಿಕ್ಕದಾಗಿ ಹೈಪೋ) ಹಾಕುತ್ತಾರೆ. ಅದಕ್ಕೆ ಮೊದಲು ರಕ್ತವನ್ನು ಬಟ್ಟೆಯಿಂದ ಹೀರಿಸಿ ತೆಗೆಯಬೇಕು, ಯಾಕೆಂದರೆ ಕೊಳೆಯ ಮೇಲೇ ಸುರಿದರೆ ಹೈಪೋದ ಶಕ್ತಿ ಅಲ್ಲೇ ಖರ್ಚಾಗಿಬಿಡುತ್ತದೆ. ಆಮೇಲೆ ಸುಮಾರು 10 ನಿಮಿಷ ಬಿಡಬೇಕು, ಹಾಕಿದ ತಕ್ಷಣ ಒರೆಸಿದರೆ ಉಪಯೋಗವಿಲ್ಲ. ನೀರಿಗೆ ಬೆರೆಸಿಟ್ಟ ಹೈಪೋ ದಿನ ಕಳೆದರೆ ಸಪ್ಪೆ, ದಿನಾ ಹೊಸದು ಮಾಡಿಕೊಳ್ಳಬೇಕು. ಮನೆಯಲ್ಲಿ ಬ್ಲೀಚಿಂಗ್ ಬಳಸುವವರಿಗೂ ಒಂದು ಮಾತು: ಟಾಯ್ಲೆಟ್ ಆಸಿಡ್ ಜೊತೆ ಬೆರೆಸಲೇಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಖಾಸಗಿ ಅಂದರೆ ಕ್ಲೀನ್, ಸರ್ಕಾರಿ ಅಂದರೆ ಗಲೀಜು ಅಂತಲೂ ಸುಮ್ನೆ ನಂಬಬೇಡಿ. 2015ರಿಂದ ಸರ್ಕಾರಿ ಆಸ್ಪತ್ರೆಗಳಿಗೆ ಕಾಯಕಲ್ಪ ಯೋಜನೆಯಲ್ಲಿ ಸ್ವಚ್ಛತೆಗೆ, ಸೋಂಕು ತಡೆಗೆ ಅಂಕ ಹಾಕಿ ಬಹುಮಾನ ಕೊಡುತ್ತಿದ್ದಾರೆ. ಎರಡೂ ಕಡೆ ಹೋಗಿ ಕಣ್ಣಾರೆ ನೋಡಿ. ಅಡ್ಮಿಟ್ ಮಾಡುವ ಮೊದಲು ಬೆಳಿಗ್ಗೆ ಒರೆಸುವ ಹೊತ್ತಿಗೇ ಹೋಗಿ. ಡ್ರೆಸ್ಸಿಂಗ್‌ಗೆ ಬಂದವರಿಗೆ "ಸಿಸ್ಟರ್, ಕೈ ತೊಳೆದುಕೊಂಡಿರಾ?" ಅಂತ ಕೇಳಲು ಸಂಕೋಚ ಬೇಡ.

ಬಾಯಿಮಾತಿಗೆ ಬಗ್ಗದಿದ್ದರೆ ಬರೆದು ಕೊಡಿ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಮಾಡಿಸಿರಲೇಬೇಕು. ದೂರು ಕೇಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ. ನಾನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕಲ್ಚರ್ ರಿಪೋರ್ಟ್ ಸಮೇತ ಕೊಟ್ಟು ಬಂದಿದ್ದೇನೆ. ನೀವು ಕೊಟ್ಟರೆ ಒಂದು ಪ್ರತಿಯ ಮೇಲೆ ಸೀಲ್ ಹಾಕಿಸಿ ಇಟ್ಟುಕೊಳ್ಳಿ.