ಹದಿನಾರು ಕೆರೆಯ ಚಳಿಗಾಲದ ಹಕ್ಕಿ ಗಣತಿ

1987ರಿಂದ ನಡೆಯುತ್ತಿರುವ ಏಷ್ಯಾ ಜಲಪಕ್ಷಿ ಗಣತಿಯ ಅಂಗವಾಗಿ ಸ್ಥಳೀಯ ಪಕ್ಷಿವೀಕ್ಷಕರ ಬಳಗವೊಂದು ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಯಲ್ಲಿ ನಡೆಸಿದ ಎಣಿಕೆ, ಹೊಸಬರೂ ನೆಚ್ಚಿಕೊಂಡು ಹೋಗಬಹುದಾದಷ್ಟು ಶಿಸ್ತಿನದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ಗದ್ದೆಗಳಲ್ಲಿ ಮೇದು ಹಗಲು ನೀರಿನಲ್ಲಿ ವಿಶ್ರಮಿಸುವುದರಿಂದ, ಅವು ಕೆರೆಗೆ ಮರಳಿದ ಮೇಲೆಯೇ ಎಣಿಸಬೇಕೆಂದು ಹಿರಿಯರು ತಾಳ್ಮೆಯಿಂದ ವಿವರಿಸಿದರು. ಹಿಂಡನ್ನು ಕಣ್ಣಳತೆಯಲ್ಲಿ ಹತ್ತು ಹತ್ತರ ಗುಂಪುಗಳಾಗಿ ವಿಂಗಡಿಸಿ, ಇಬ್ಬರು ಬೇರೆ ಬೇರೆಯಾಗಿ ಎಣಿಸಿ, ಲೆಕ್ಕ ತಾಳೆಯಾಗದಿದ್ದರೆ ಮತ್ತೆ ಮೊದಲಿನಿಂದ ಎಣಿಸುವ ಅವರ ಪದ್ಧತಿ ನನಗೆ ಬಹಳ ಹಿಡಿಸಿತು. ದೂರದ ಹಕ್ಕಿಗಳನ್ನು ಹತ್ತಿರವಾಗಿ ತೋರಿಸುವ ಸ್ಪಾಟಿಂಗ್ ಸ್ಕೋಪಿನಲ್ಲಿ ಅವುಗಳ ಬಿಳಿ ತಲೆಯ ಹಿಂಭಾಗದ ಎರಡು ಕಪ್ಪು ಪಟ್ಟೆಗಳು ಸ್ಪಷ್ಟವಾಗಿ ಕಂಡವು. ಆದರೆ ಇಡೀ ತಂಡಕ್ಕೆ ಆ ಸ್ಕೋಪ್ ಒಂದೇ ಇದ್ದುದು ದೊಡ್ಡ ಕೊರತೆ, ಆದ್ದರಿಂದ ಸ್ವಂತ ಬೈನಾಕ್ಯುಲರ್ ಒಯ್ಯುವುದು ಒಳಿತು. ಊಟೋಪಚಾರ ಸಾಧಾರಣ. ಫೋಟೊಗಾಗಿ ಯಾರೂ ಹಕ್ಕಿಗಳನ್ನು ಎಬ್ಬಿಸದಂತೆ ಅವರು ವಹಿಸುವ ಎಚ್ಚರವೊಂದಕ್ಕಾಗಿಯೇ ಈ ಗಣತಿಯನ್ನು ಮನಸಾರೆ ಶಿಫಾರಸು ಮಾಡುತ್ತೇನೆ.