ದೀಪದ ಗೆರೆಗೆ ಟಿಟಿಎಲ್ ಫ್ಲ್ಯಾಶ್ ಬೇಕಾ, ಮ್ಯಾನುಯಲ್ ಸಾಕಾ?

ದೀಪಾವಳಿ ರಾತ್ರಿ ಸಾಗರ, ತೀರ್ಥಹಳ್ಳಿ ಕಡೆ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ-ಪಂಟಿಗೆ ತಂಡದ ಫೋಟೊದಲ್ಲಿ ದೀಪ ಗೆರೆಯಾಗಿ ಹರಿಯಬೇಕು, ಹಾಡುವವರ ಮುಖ ಮಸುಕಾಗಬಾರದು. ಗೆರೆಗೆ 2 ಸೆಕೆಂಡಿನ ಶಟರ್, ಮುಖಕ್ಕೆ ಫ್ಲ್ಯಾಶ್. ಎಷ್ಟು ಬೆಳಕು ಬೇಕೆಂದು ತಾನೇ ಅಳೆದು ಮಿಂಚುವ ಟಿಟಿಎಲ್, ಬೆಳಕಿನ ಪ್ರಮಾಣ ನಾವೇ ಇಡಬೇಕಾದ ಮ್ಯಾನುಯಲ್, ಎರಡನ್ನೂ ಬಳಸಿದ್ದೇನೆ. ನನ್ನ ಓಟು ಅಗ್ಗದ ಮ್ಯಾನುಯಲ್‌ಗೇ.

ಟಿಟಿಎಲ್‌ನ ದೊಡ್ಡ ಕಿರಿಕಿರಿ ಪ್ರೀ-ಫ್ಲ್ಯಾಶ್, ಅಂದರೆ ಮುಂಚಿನ ಮಿಂಚು. ಗೆರೆ ಆಳಿನ ಹಿಂದೆ ಬೀಳಬೇಕಾದರೆ ರಿಯರ್ ಕರ್ಟನ್ ಸಿಂಕ್ (ಶಟರ್ ಮುಚ್ಚುವ ಮುಂಚೆ ಫ್ಲ್ಯಾಶ್ ಮಿಂಚುವುದು) ಬೇಕು; ಇಲ್ಲದಿದ್ದರೆ ಬೆಳಕು ಮುಂದೆ ಓಡಿ, ದೀಪ ಹಿಡಿದವರು ಹಿಂದಕ್ಕೆ ನಡೆದಂತೆ ಕಾಣುತ್ತದೆ. ಆದರೆ ರಿಯರ್ ಕರ್ಟನ್‌ನಲ್ಲಿ ಟಿಟಿಎಲ್ ಎರಡು ಸಲ ಮಿಂಚುತ್ತದೆ: ಬೆಳಕು ಅಳೆಯಲು ಶುರುವಿನಲ್ಲೊಮ್ಮೆ, ನಿಜವಾದ ಫ್ಲ್ಯಾಶ್ ಕೊನೆಯಲ್ಲೊಮ್ಮೆ.

ಮೊದಲ ಮಿಂಚಿಗೇ ‘ಫೋಟೊ ಆಯ್ತು’ ಅಂದುಕೊಂಡು ಜನ ಮುಖ ತಿರುಗಿಸುತ್ತಾರೆ. ಎರಡನೆಯದು ಬೀಳುವುದು ಆ ತಿರುಗಿದ ಮುಖದ ಮೇಲೆ. ಇದಕ್ಕೆ ಪರಿಹಾರ ಟಿಟಿಎಲ್ ಫ್ಲ್ಯಾಶನ್ನೇ ‘ಎಂ’ (ಮ್ಯಾನುಯಲ್) ಮೋಡ್‌ಗೆ ಹಾಕುವುದು. ಹಾಗೆ ಮಾಡಿದ ಮೇಲೆ ಹೆಚ್ಚು ದುಡ್ಡು ಕೊಟ್ಟಿದ್ದು ಯಾತಕ್ಕೆ?

ನನ್ನ ಸೆಟ್ಟಿಂಗ್: ಟ್ರೈಪಾಡ್, ಅಪರ್ಚರ್ ಎಫ್/5.6, ಐಎಸ್‌ಒ 400, ಫ್ಲ್ಯಾಶ್ ಪೂರ್ಣ ಶಕ್ತಿಯ 1/16, ತಂಡ 3 ಮೀಟರ್ ದೂರದಲ್ಲಿ. ಫ್ಲ್ಯಾಶ್ ಬೆಳಕು ದೀಪದ ಬಣ್ಣಕ್ಕೆ ಹೊಂದಲು ಅದರ ಮೇಲೆ ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ), ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್. ಮುಖ ಬೆಳ್ಳಗಾದರೆ 1/32ಕ್ಕೆ ಇಳಿಸಿ, ಶಟರ್ ಮುಟ್ಟಬೇಡಿ. ಶಟರ್ ಬದಲಿಸುವುದು ಗೆರೆಯ ಉದ್ದವನ್ನು, ಮುಖದ ಮೇಲಿನ ಫ್ಲ್ಯಾಶ್ ಬೆಳಕನ್ನಲ್ಲ. ಚಲಿಸುವ ದೀಪದ ಗೆರೆ ಎಷ್ಟು ಹೊಳೆಯಬೇಕು ಅನ್ನುವುದು ಅಪರ್ಚರ್ ಮತ್ತು ಐಎಸ್‌ಒ ಕೈಯಲ್ಲಿದೆ.

ಮಂಜಿದ್ದರೆ ಯಾವ ಫ್ಲ್ಯಾಶನ್ನೂ ಕ್ಯಾಮೆರಾ ಮೇಲೆ ಇಡಬೇಡಿ. 3 ಮೀಟರ್ ದೂರದ ಮುಖಕ್ಕಿಂತ 30 ಸೆಂ.ಮೀ. ದೂರದ ಹನಿಗೆ ನೂರು ಪಟ್ಟು ಬೆಳಕು ಬಿದ್ದು ಚಿತ್ರದ ತುಂಬ ಬಿಳಿ ಚುಕ್ಕೆ ಏಳುತ್ತವೆ. ಫ್ಲ್ಯಾಶನ್ನು ಕೈಚಾಚಿ ಪಕ್ಕಕ್ಕೆ ಹಿಡಿಯಿರಿ.

ಬ್ಯಾಟರಿ, ತೂಕದಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ.

ಮದುವೆ ಮನೆಯಲ್ಲಿ ಓಡಾಡುತ್ತ ತೆಗೆಯುವವರಿಗೆ ಕ್ಷಣಕ್ಷಣಕ್ಕೂ ದೂರ ಬದಲಾಗುತ್ತದೆ, ಅವರಿಗೆ ಟಿಟಿಎಲ್ಲೇ ಸರಿ. ಅಂಗಳದ ಮೂಲೆಯಲ್ಲಿ ಟ್ರೈಪಾಡ್ ಊರಿ ಕಾಯುವ ನನ್ನಂಥವರಿಗೆ ಮ್ಯಾನುಯಲ್ ಸಾಕು. ಉಳಿದ ದುಡ್ಡನ್ನು ಗಟ್ಟಿ ಟ್ರೈಪಾಡ್‌ಗೆ ಹಾಕಿ. ಒಂದು ತೊಡಕಿದೆ: ಕೆಲವು ಕ್ಯಾಮೆರಾಗಳು ತಾವು ಗುರುತಿಸದ ಫ್ಲ್ಯಾಶ್‌ಗೆ ರಿಯರ್ ಕರ್ಟನ್ ಕೊಡುವುದಿಲ್ಲ. ಆಗ ಫ್ಲ್ಯಾಶನ್ನು ಕೈಯಲ್ಲೇ ಹಿಡಿದು, ಶಟರ್ 4 ಸೆಕೆಂಡಿಗೆ ಇಟ್ಟು, ಮುಚ್ಚುವ ಮೊದಲು ಟೆಸ್ಟ್ ಗುಂಡಿ ಒತ್ತಿದರಾಯಿತು.